ಲೋಹಕ್ಕೆ ಹದ ಕಂಡ ವಿಲ್ಮ್

ಗಗನದಲ್ಲಿ ಹಾರುವ ವಿಮಾನವನ್ನು ಕಂಡು ಬೆರಗಾಗುವವರು ಅನೇಕರು. ಆದರೆ ಅದರ ಮೈಗೆ ಹಗುರವೂ ಗಟ್ಟಿಯೂ ಆದ ಲೋಹವನ್ನು ಒದಗಿಸಿಕೊಟ್ಟ ಆಲ್‌ಫ್ರೆಡ್ ವಿಲ್ಮ್‌ನನ್ನು ನೆನೆಯುವವರು ವಿರಳ.

ವಿಲ್ಮ್ 1869ರಲ್ಲಿ ಪ್ರಷ್ಯಾ ರಾಜ್ಯದ ಸೈಲೀಸಿಯಾ ಪ್ರಾಂತದಲ್ಲಿ ಜನಿಸಿದನು. ಲೋಹವಿಜ್ಞಾನಿಯಾದ ಆತನು ಬರ್ಲಿನ್ ಸಮೀಪದ ನಾಯ್‌ಬಾಬೆಲ್ಸ್‌ಬರ್ಗ್‌ನ ಸಂಶೋಧನಾಲಯವನ್ನು ಸೇರಿದನು. ತೋಟಾಗಳ ಕವಚಕ್ಕೆ ಹಿತ್ತಾಳೆಯ ಬದಲು ಬಳಸಬಹುದಾದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಹುಡುಕುವ ಹೊಣೆ ಅವನದಾಯಿತು.

ಶುದ್ಧ ಅಲ್ಯೂಮಿನಿಯಂ ಹಗುರ. ಆದರೆ ಬಲು ಮೃದು. ಕಾಯಿಸದೆ ಉರುಳೆಗಳ ನಡುವೆ ಹಾಯಿಸಿ ತಗಡು ಮಾಡಿದರೆ ಅದು ತುಸು ಗಡುಸಾಗುವುದು. ಮತ್ತೆ ಕಾಯಿಸಿದರೆ ಆ ಗಡಸು ಅಳಿದುಹೋಗುವುದು. ಕಾದ ಉಕ್ಕನ್ನು ನೀರಿನಲ್ಲಿ ಅದ್ದಿ ಗಡುಸಾಗಿಸುವ ವಿದ್ಯೆ ಕಮ್ಮಾರರಿಗೆ ಹಿಂದಿನಿಂದಲೂ ತಿಳಿದಿತ್ತು. ಅದನ್ನೇ ಅಲ್ಯೂಮಿನಿಯಂ ಮಿಶ್ರಲೋಹಗಳ ಮೇಲೆ ಪರೀಕ್ಷಿಸಲು ವಿಲ್ಮ್ ತೊಡಗಿದನು.

1906ರಲ್ಲಿ ಆತನು ಸುಮಾರು ಶೇಕಡ 4ರಷ್ಟು ತಾಮ್ರವನ್ನೂ ಶೇಕಡ 0.5ರಷ್ಟು ಮೆಗ್ನೀಸಿಯಮ್ಮನ್ನೂ ಬೆರೆಸಿದ ಲೋಹವನ್ನು ಸುಮಾರು 520 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಥಟ್ಟನೆ ತಣಿಸಿದನು. ಅಂದು ಶನಿವಾರ. ಅಳೆದಾಗ ದೊರೆತ ಗಡಸು ಅಲ್ಪವೇ ಆಗಿತ್ತು. ಉಳಿದ ಪರೀಕ್ಷೆಗಳನ್ನು ಸೋಮವಾರಕ್ಕೆ ಮುಂದೂಡಲಾಯಿತು. ಸೋಮವಾರ ಅಳೆದು ನೋಡಿದರೆ ಅದೇ ತುಂಡಿನ ಗಡಸು ಬಹಳವಾಗಿ ಹೆಚ್ಚಿತ್ತು! ಉಪಕರಣದ ದೋಷವೆಂದು ವಿಲ್ಮ್ ಅದನ್ನು ತಳ್ಳಿಹಾಕಲಿಲ್ಲ. ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿದನು. ತಣಿಸಿದೊಡನೆ ಮೃದುವಾಗಿರುವ ಲೋಹವು ತಾನಾಗಿಯೇ ಕೆಲವು ದಿನಗಳಲ್ಲಿ ಗಟ್ಟಿಗೊಳ್ಳುವುದೆಂಬುದು ಖಚಿತವಾಯಿತು. ಮೃದುವಾಗಿರುವ ಆ ಅಲ್ಪ ಅವಧಿಯಲ್ಲಿ ತಗಡನ್ನು ಸುಲಭವಾಗಿ ಉರುಳಿಸಬಹುದು, ಬಾಗಿಸಬಹುದು. ಆಮೇಲೆ ಅದು ತಾನೇ ಬಲಗೊಳ್ಳುವುದು.

ಡ್ಯೂರೆನ್ ಪಟ್ಟಣದ ಕಾರ್ಖಾನೆಯೊಂದು ಈ ಲೋಹವನ್ನು ತಯಾರಿಸತೊಡಗಿತು. ಡ್ಯೂರಾಲುಮಿನ್ ಎಂಬ ಹೆಸರು ಪಡೆದ ಅದು ಜೆಪ್ಪೆಲಿನ್ ವಾಯುನೌಕೆಗಳಿಗೂ ವಿಮಾನಗಳಿಗೂ ಅಸ್ಥಿಪಂಜರವಾಯಿತು. 1911ರಲ್ಲಿ ವಿಲ್ಮ್ ತನ್ನ ಶೋಧವನ್ನು ಪ್ರಕಟಿಸಿದನು. ಆದರೆ ಲೋಹವು ಹೀಗೆ ಗಟ್ಟಿಗೊಳ್ಳಲು ಕಾರಣವೇನೆಂಬುದು ಅವನಿಗೆ ಬಗೆಹರಿಯಲಿಲ್ಲ. 1919ರಲ್ಲಿ ಆತನು ಸಂಶೋಧನೆಯನ್ನೇ ತೊರೆದು ಬೇಸಾಯಗಾರನಾದನು.

ಕಾಯಿಸಿದಾಗ ಕರಗಿ ಬೆರೆತ ತಾಮ್ರದ ಪರಮಾಣುಗಳು ಥಟ್ಟನೆ ತಣಿಸಿದಾಗ ಅಲ್ಲಲ್ಲೇ ಸೆರೆಯಾಗುವುವು. ದಿನ ಕಳೆದಂತೆ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ, ಲೋಹದ ಪದರಗಳು ಜಾರದಂತೆ ತಡೆಯುವುವು. ಫ್ರಾನ್ಸಿನ ಗಿನಿಯೇ ಮತ್ತು ಬ್ರಿಟನ್ನಿನ ಪ್ರೆಸ್ಟನ್ 1938ರಲ್ಲಿ ಕ್ಷಕಿರಣಗಳಿಂದ ಈ ಗುಂಪುಗಳನ್ನು ಗುರುತಿಸಿದರು. ವಿಲ್ಮ್ ಅದರ ಹಿಂದಿನ ವರ್ಷವೇ, 1937ರಲ್ಲಿ, ತೀರಿಕೊಂಡಿದ್ದನು.

ಕಾರಣ ತಿಳಿಯದಿದ್ದರೂ ಕಣ್ಣೆದುರಿನ ಸತ್ಯವನ್ನು ಆತನು ಅಲಕ್ಷಿಸಲಿಲ್ಲ. ಆ ಶ್ರದ್ಧೆಯ ಫಲವನ್ನು ಲೋಕವು ಇಂದಿಗೂ ಉಣ್ಣುತ್ತಿದೆ.