ಕಾಲರಾದ ವಿಷ ಪತ್ತೆ ಹಚ್ಚಿದ ಶಂಭುನಾಥ್ ಡೇ: ನೊಬೆಲ್‌ಗೆ ಹೆಸರು ಹೋಯ್ತು, ತವರಲ್ಲಿ ಗುರುತಿಸಲೇ ಇಲ್ಲ!

ಕೋಲ್ಕತ್ತಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೇಕ್ ಮಾರ್ಕೆಟ್ ಅಂದ್ರೆ ಬಾಳೆಎಲೆ, ಕಾಫಿ ಪುಡಿ, ಇಡ್ಲಿ-ಸಾಂಬಾರ್ ಸಿಗುವ ಜಾಗ. ಅಲ್ಲಿಂದ ಕೆಲವು ಕಿಲೋಮೀಟರ್ ಉತ್ತರಕ್ಕೆ ಹೋದರೆ ಕಾಲೇಜು ಸ್ಟ್ರೀಟ್, ಅಲ್ಲೇ ಕಲ್ಕತ್ತಾ ಮೆಡಿಕಲ್ ಕಾಲೇಜು. ಕೊರೊನಾ ಬಂದ ಮೇಲೆ ಸ್ಪೈಕ್ ಪ್ರೋಟೀನ್, ಆ್ಯಂಟಿಬಾಡಿ ಎಂಬ ಪದಗಳು ಮನೆಮಾತಾದವು. ರೋಗಾಣುವಿನ ಒಂದೇ ಒಂದು ಪ್ರೋಟೀನ್ ಮನುಷ್ಯನನ್ನು ಹೇಗೆ ನೆಲಕ್ಕೆ ಕೆಡವುತ್ತದೆ ಎಂಬುದನ್ನು ಅದಕ್ಕೂ 60 ವರ್ಷ ಮೊದಲೇ ಈ ಊರಿನ ವೈದ್ಯರೊಬ್ಬರು ತೋರಿಸಿದ್ದರು. ಅವರೇ ಡಾ. ಶಂಭುನಾಥ್ ಡೇ.

1915ರಲ್ಲಿ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಡೇ ಅವರದ್ದು ಬಡ ಕುಟುಂಬ. ವಿದ್ಯಾರ್ಥಿವೇತನದ ಬಲದಿಂದಲೇ ವೈದ್ಯಕೀಯ ಓದಿ 1939ರಲ್ಲಿ ಪದವಿ ಪಡೆದರು. 1949ರಲ್ಲಿ ಲಂಡನ್‌ನಲ್ಲಿ ಪಿಎಚ್‌ಡಿ ಮುಗಿಸಿ ಊರಿಗೆ ಮರಳಿದಾಗ ಕೈಗೆತ್ತಿಕೊಂಡದ್ದು ಬಂಗಾಳದ ಹಳೆಯ ಶತ್ರು ಕಾಲರಾವನ್ನು.

ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಇದೇ ಕಲ್ಕತ್ತಾದಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. ಆದರೆ ಅದು ಕೊಲ್ಲುವುದು ಹೇಗೆ? ಪ್ರಾಣಿಗಳಿಗೆ ಚುಚ್ಚಿದರೂ ಕಾಲರಾದಂಥ ಭೇದಿ ಕಾಣುತ್ತಿರಲಿಲ್ಲ. ಡೇ ಯೋಚಿಸಿದ್ದು ಬೇರೆ ರೀತಿ. ರೋಗ ನಡೆಯುವುದು ಕರುಳಿನಲ್ಲಿ, ಹಾಗಾದರೆ ಅಲ್ಲೇ ನೋಡಬೇಕು. ಮೊಲಕ್ಕೆ ಅರಿವಳಿಕೆ ಕೊಟ್ಟು, ಅದರ ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗೆ ದಾರ ಕಟ್ಟಿ, ನಡುವೆ ಬ್ಯಾಕ್ಟೀರಿಯಾ ಬಿಟ್ಟರು. ಮರುದಿನ ನೋಡಿದರೆ ಆ ತುಂಡು ಉಬ್ಬಿ, ಒಳಗೆ ಅಕ್ಕಚ್ಚಿನಂಥ ನೀರು! ಕಾಲರಾ ರೋಗಿಯ ಭೇದಿಯೂ ಹಾಗೇ ಇರುತ್ತದೆ. ಸಹೋದ್ಯೋಗಿ ಡಿ.ಎನ್. ಚಟರ್ಜಿ ಜೊತೆ ಇದನ್ನು ಪ್ರಕಟಿಸಿದ್ದು 1953ರಲ್ಲಿ. ದಾರ, ಸೂಜಿ, ಮೊಲ, ಇಷ್ಟೇ ಸಾಮಗ್ರಿ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಜೀವಾಣು ಉಳಿಯದಂತೆ ಮಾಡಿ, ಬರೀ ದ್ರವವನ್ನು ಮೊಲದ ಕರುಳಿಗೆ ಹಾಕಿದರು. ಆಗಲೂ ನೀರು ತುಂಬಿತು. ಅಂದರೆ ಕೆಡುಕು ಮಾಡುವುದು ಬ್ಯಾಕ್ಟೀರಿಯಾ ಹೊರಬಿಡುವ ವಿಷ. 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಲೇಖನಕ್ಕೆ ಡೇ ಒಬ್ಬರೇ ಲೇಖಕರು.

ಈ ವಿಷ ಒಂದು ಪ್ರೋಟೀನ್ ಎಂಬುದು ಆಮೇಲೆ ಖಚಿತವಾಯಿತು. ಅದರಲ್ಲಿ ಎರಡು ಭಾಗ. ಬಿ ಭಾಗ ಕರುಳಿನ ಕೋಶಕ್ಕೆ ಅಂಟಿಕೊಳ್ಳುತ್ತದೆ, ಎ ಭಾಗ ಒಳನುಗ್ಗಿ ಉಪ್ಪು-ನೀರು ಹೊರಗೆ ಹರಿಯುವಂತೆ ಮಾಡುತ್ತದೆ. ಬಿ ಭಾಗಕ್ಕೆ ಆ್ಯಂಟಿಬಾಡಿ ಅಂಟಿದರೆ ವಿಷ ಕೋಶವನ್ನು ಹಿಡಿಯಲಾರದು. ಬಾಯಿಗೆ ಹಾಕುವ ಕಾಲರಾ ಲಸಿಕೆಗಳಲ್ಲೊಂದಕ್ಕೆ ಸತ್ತ ಬ್ಯಾಕ್ಟೀರಿಯಾ ಜೊತೆ ಈ ಬಿ ಭಾಗವನ್ನೂ ಸೇರಿಸಿರುವುದು ಇದೇ ಕಾರಣಕ್ಕೆ.

ಕೊರೊನಾದಲ್ಲೂ ಲೆಕ್ಕಾಚಾರ ಹೆಚ್ಚು ಕಡಿಮೆ ಇದೇ, ಆದರೆ ಅಲ್ಲಿ ತಡೆಯಬೇಕಾದ್ದು ವಿಷವನ್ನಲ್ಲ, ವೈರಸ್ಸಿನ ಪ್ರವೇಶವನ್ನು. ಸ್ಪೈಕ್ ಪ್ರೋಟೀನಿನ ತುದಿ ನಮ್ಮ ಕೋಶದ ಎಸಿಇ2 ಎಂಬ ಗ್ರಾಹಕವನ್ನು ಹಿಡಿಯುತ್ತದೆ. ಆ ತುದಿಯನ್ನೇ ಮುಚ್ಚುವ ಆ್ಯಂಟಿಬಾಡಿ ಸೋಂಕು ತಡೆಯುತ್ತದೆ. ಬೇರೆ ಕಡೆ ಅಂಟಿದ ಆ್ಯಂಟಿಬಾಡಿಗಳೆಲ್ಲ ಹಾಗೆ ತಡೆಯುತ್ತವೆ ಎನ್ನುವಂತಿಲ್ಲ. 2021ರ ಕೊನೆಗೆ ಬಂದ ಒಮಿಕ್ರಾನ್ ತನ್ನ ಸ್ಪೈಕ್ ಅನ್ನೇ ಬದಲಿಸಿಕೊಂಡು ಹಳೆಯ ಆ್ಯಂಟಿಬಾಡಿಗಳ ಕಣ್ತಪ್ಪಿಸಿದ್ದು ನೆನಪಿರಬಹುದು. ಎಷ್ಟು ಆ್ಯಂಟಿಬಾಡಿ ಇದೆ ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಅಂಟುತ್ತದೆ ಎನ್ನುವುದು.

ಇಷ್ಟೆಲ್ಲ ಮಾಡಿದ ಡೇ ಅವರಿಗೆ ಸಿಕ್ಕಿದ್ದೇನು? ನೊಬೆಲ್ ವಿಜೇತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ನೊಬೆಲ್‌ಗೆ ಸೂಚಿಸಿದ್ದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೂ ಕರೆ ಬಂತು. ಭಾರತದಲ್ಲಿ ಮಾತ್ರ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 1973ರಲ್ಲಿ ನಿವೃತ್ತರಾದ ಅವರು 1985ರ ಏಪ್ರಿಲ್‌ನಲ್ಲಿ ತೀರಿಕೊಂಡರು.

1990ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ಅಷ್ಟರಲ್ಲಿ ಡೇ ಕಣ್ಮುಚ್ಚಿ ಐದು ವರ್ಷವಾಗಿತ್ತು.