ಫಲ ಕಾಣದೆ ಹೋದ ದಿವಾನರು

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಅಣೆಕಟ್ಟೆಗೆ ಮಹಾರಾಣಿಯವರ ಹೆಸರಿದೆ. ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರುಗಳನ್ನು ದಾಟಿ ಹರಿಹರಕ್ಕೆ ಹೋಗುವ ರೈಲು ಹಳಿಗೆ ಯಾರ ಹೆಸರೂ ಇಲ್ಲ. ಈ ಎರಡರ ಹಿಂದೆಯೂ ದುಡಿದ ಆಡಳಿತಗಾರರು ಒಬ್ಬರೇ: 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರು ಅವರನ್ನು ಶೇಷಾದ್ರಿಪುರದ ಹೆಸರಿನಲ್ಲಿ, ಕಬ್ಬನ್ ಉದ್ಯಾನದ ಪ್ರತಿಮೆಯಲ್ಲಿ ನೆನೆಯುತ್ತದೆ. ಆದರೆ ಅವರ ಸಾಧನೆ ಮತ್ತು ಮಿತಿಗಳೆರಡನ್ನೂ ಅರಿಯಲು ಚಿತ್ರದುರ್ಗ ಜಿಲ್ಲೆಯ ನಕ್ಷೆಯನ್ನೇ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಪಾಲಕ್ಕಾಡಿನ ಬಳಿಯ ಕುಮಾರಪುರಂನಲ್ಲಿ 1845ರಲ್ಲಿ ಹುಟ್ಟಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರು ಸೇವೆಗೆ ಸೇರಿದರು. ನ್ಯಾಯ ಮತ್ತು ಕಂದಾಯ ಇಲಾಖೆಗಳಲ್ಲಿ ಹಂತಹಂತವಾಗಿ ಮೇಲೇರಿ, ತುಮಕೂರಿನ ಡೆಪ್ಯುಟಿ ಕಮಿಷನರ್ ಆಗಿಯೂ ಕೆಲಸ ಮಾಡಿದರು. ಬಯಲುಸೀಮೆಯ ಬದುಕು ಮಳೆಯ ದಯೆಯಲ್ಲಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಅಧಿಕಾರ ವಹಿಸಿಕೊಂಡಾಗ 1876–78ರ ಮಹಾಕ್ಷಾಮದ ಗಾಯ ಇನ್ನೂ ಹಸಿಯಾಗಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಖಜಾನೆಯ ಮೇಲೆ ಸುಮಾರು 80 ಲಕ್ಷ ರೂಪಾಯಿಯ ಕ್ಷಾಮದ ಸಾಲವಿತ್ತು. ಸಾವಿಗೆ ಧಾನ್ಯದ ಅಭಾವವೊಂದೇ ಕಾರಣವಾಗಿರಲಿಲ್ಲ. ಮದರಾಸಿನಿಂದ ರೈಲಿನಲ್ಲಿ ಬೆಂಗಳೂರು ತಲುಪಿದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಹಳಿಯೂ ಇರಲಿಲ್ಲ, ಮೇವಿಲ್ಲದೆ ಸತ್ತ ಎತ್ತುಗಳ ಗಾಡಿಯೂ ನಡೆಯಲಿಲ್ಲ.

ಬೆಂಗಳೂರು–ಮೈಸೂರು ರೈಲು ಮಾರ್ಗ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲೇ ಮುಗಿದಿತ್ತು. ಶೇಷಾದ್ರಿ ಅಯ್ಯರ್ ಅವರು ವಾಯವ್ಯದ ಮಾರ್ಗವನ್ನು ಮುಂದುವರಿಸಿದರು. ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ಲಂಡನ್ನಿನಲ್ಲಿ ಸಾಲ ಎತ್ತಿ, ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಕಾಮಗಾರಿ ಮತ್ತು ನಿರ್ವಹಣೆಯನ್ನು ಒಪ್ಪಿಸಿದರು. 1889ರ ವೇಳೆಗೆ ಹಳಿ ಹರಿಹರ ಮುಟ್ಟಿತು. 1882ರಲ್ಲಿ ಉಪವಿಭಾಗದ ಮಟ್ಟಕ್ಕೆ ಇಳಿದಿದ್ದ ಚಿತ್ರದುರ್ಗ 1886ರಲ್ಲಿ ಮತ್ತೆ ಜಿಲ್ಲೆಯಾದುದೂ ಅವರ ಆಡಳಿತದಲ್ಲೇ.

ಆದರೆ ಆ ಹಳಿ ಜಿಲ್ಲೆಯ ಪಶ್ಚಿಮದ ಅಂಚನ್ನಷ್ಟೇ ಹಾದುಹೋಯಿತು. ಹೊಸದುರ್ಗಕ್ಕೆ ದೊರೆತದ್ದು ಊರಿನಿಂದ ದೂರದ ನಿಲ್ದಾಣ. ಜಿಲ್ಲಾ ಕೇಂದ್ರವಾದ ಚಿತ್ರದುರ್ಗ ಚಿಕ್ಕಜಾಜೂರಿನ ಕವಲು ಮಾರ್ಗಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಹಿರಿಯೂರಿಗೆ ರೈಲು ಬರಲೇ ಇಲ್ಲ.

ಹಿರಿಯೂರಿಗೆ ಬಂದದ್ದು ನೀರು. ಬಾಬಾಬುಡನ್ ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿ ಮಾರಿಕಣಿವೆಯಲ್ಲಿ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಹೊರಬೀಳುತ್ತದೆ. ಬಾಯಿ ಕಿರಿದು, ಹಿಂದಿನ ಬಯಲು ವಿಶಾಲ. ಸುಮಾರು 1,300 ಅಡಿ ಉದ್ದದ ಒಂದೇ ಗೋಡೆ 30 ಟಿಎಂಸಿ ಅಡಿ ನೀರನ್ನು ಹಿಡಿದಿಡಬಲ್ಲದು. ಕಲ್ಲು ಗಾರೆಯ ಆ ಕೆಲಸ 1898ರಲ್ಲಿ ಆರಂಭವಾಯಿತು. ಅದೇ ವರ್ಷ ಬೆಂಗಳೂರಿಗೆ ಪ್ಲೇಗ್ ಬಂದಿತ್ತು. ಹಾಗಿದ್ದರೂ ಕೆಲಸ ನಿಲ್ಲಲಿಲ್ಲ. ಜೊತೆಗೇ ಶಿವನಸಮುದ್ರದಲ್ಲಿ ಜಲವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಮಾರುವ ಯೋಜನೆಯೂ ಸಿದ್ಧವಾಯಿತು.

ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ನಿವೃತ್ತರಾದ ಅವರು ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ ಗಣಿಗಳನ್ನು ತಲುಪಿದ್ದು 1902ರಲ್ಲಿ. ಮಾರಿಕಣಿವೆಯ ಕಟ್ಟೆ ಮುಗಿದದ್ದು 1907ರಲ್ಲಿ. ಎರಡನ್ನೂ ಅವರು ಕಾಣಲಿಲ್ಲ.

ಅವರನ್ನು ದೋಷರಹಿತರೆಂದು ಬಣ್ಣಿಸುವುದು ಇತಿಹಾಸಕ್ಕೆ ಅಪಚಾರವಾದೀತು. ಅಧಿಕಾರವನ್ನು ತಮ್ಮ ಕೈಯಲ್ಲೇ ಕೇಂದ್ರೀಕರಿಸಿಕೊಂಡರೆಂಬ ಟೀಕೆ ಅವರ ಕಾಲದಲ್ಲೇ ಇತ್ತು. ಉನ್ನತ ಹುದ್ದೆಗಳು ಮದರಾಸಿನಿಂದ ಬಂದವರ ಪಾಲಾಗುತ್ತಿವೆ ಎಂಬ ಮೈಸೂರಿಗರ ಅಸಮಾಧಾನಕ್ಕೂ ಆಧಾರವಿತ್ತು. ಪ್ರಜಾಪ್ರತಿನಿಧಿ ಸಭೆ ಅಹವಾಲು ಹೇಳಿಕೊಳ್ಳುವ ವೇದಿಕೆಯಾಗಿಯೇ ಉಳಿಯಿತು. ಜಲಾಶಯದಲ್ಲಿ ಯಾರ ಹೊಲ ಮುಳುಗಬೇಕು, ಹಳಿ ಎತ್ತ ಹೋಗಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಅದಕ್ಕಿರಲಿಲ್ಲ.

ಅವರ ಕೆಲಸದ ಬೆಲೆಯನ್ನೂ ಕೊರತೆಯನ್ನೂ ಕಾಲವೇ ತೋರಿಸಿಕೊಟ್ಟಿದೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ನಡುವಿನ ದೀರ್ಘ ಕಾಲದಲ್ಲಿ ನಾಲೆಯ ಕೊನೆಯ ತೆಂಗಿನ ತೋಟಗಳು ಒಣಗಿದ ವರ್ಷಗಳೂ ಇದ್ದವು. ಆದರೂ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ನಲ್ಲಿಗಳಿಗೆ ಕುಡಿಯುವ ನೀರು ಕೊಟ್ಟದ್ದು ಇದೇ ಜಲಾಶಯ. ನೀರು ತುಂಬಿದಾಗ ಹಿನ್ನೀರಿನ ಭಾರ ಹೊತ್ತದ್ದು ಹೊಸದುರ್ಗ ತಾಲ್ಲೂಕಿನ ಹೊಲಗಳು. ಭದ್ರೆಯ ನೀರು ಅಜ್ಜಂಪುರದ ಸುರಂಗದ ಮೂಲಕ ಇಲ್ಲಿಗೆ ಬರತೊಡಗಿದ ಬಳಿಕ 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಬಿತ್ತು.

ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ನಾಲೆಗಳ ಕಾಮಗಾರಿ ಇನ್ನೂ ಪೂರ್ಣಗೊಂಡಿಲ್ಲ. ಹಿರಿಯೂರು, ಚಿತ್ರದುರ್ಗಗಳನ್ನು ಹಾಯುವ ತುಮಕೂರು–ದಾವಣಗೆರೆ ನೇರ ರೈಲು ಮಾರ್ಗವೂ ಮುಗಿಯಬೇಕಿದೆ. ಸಾಲದಲ್ಲಿದ್ದ ಸಂಸ್ಥಾನವೊಂದು ಕ್ಷಾಮ ಮತ್ತು ಪ್ಲೇಗುಗಳ ನಡುವೆ, ಪ್ರಾರಂಭಿಸಿದವರು ಗತಿಸಿದ ಮೇಲೂ, ಒಂಬತ್ತು ವರ್ಷಗಳಲ್ಲಿ ಒಂದು ಅಣೆಕಟ್ಟೆಯನ್ನು ಮುಗಿಸಿತು. ಚುನಾವಣೆಯಿಂದ ಚುನಾವಣೆಗೆ ಯೋಜನೆಗಳನ್ನು ಎಳೆಯುತ್ತಿರುವ ನಮ್ಮ ಸರ್ಕಾರಗಳಿಗೆ ಈ ಜಿಲ್ಲೆಯ ಜನ ಕೇಳಬೇಕಾದ ಲೆಕ್ಕ ಇದೇ. ದಿವಾನರ ಕಾಲದ ರೈತರಿಗಿಲ್ಲದ, ಅದನ್ನು ಕೇಳುವ ಹಕ್ಕು ಅವರಿಗಿದೆ.