ಆಲ್ಫ್ರೆಡ್ ಬ್ಯೂಖಿ

ನಸುಕಿನಲ್ಲಿ ಕೋಯಂಬೇಡಿನ ಮಾರುಕಟ್ಟೆಗೆ ತರಕಾರಿ ತರುವ ಅನೇಕ ಲಾರಿಗಳ ಇಂಜಿನ್ನಿಗೆ ಬಲವೀಯುವುದು ಟರ್ಬೊ ಯಂತ್ರ. ಅದನ್ನು ಕಲ್ಪಿಸಿದವನು ಆಲ್ಫ್ರೆಡ್ ಬ್ಯೂಖಿ.

1879ರಲ್ಲಿ ಸ್ವಿಟ್ಸರ್ಲೆಂಡಿನ ವಿಂಟರ್‌ಥೂರ್ ನಗರದಲ್ಲಿ ಜನಿಸಿದ ಈತನು ಜ್ಯೂರಿಕ್ಕಿನಲ್ಲಿ ಯಂತ್ರಶಾಸ್ತ್ರವನ್ನು ಕಲಿತನು. ಹೊಗೆಯೊಡನೆ ವ್ಯರ್ಥವಾಗುವ ಶಕ್ತಿಯಿಂದಲೇ ಚಕ್ರವನ್ನು ತಿರುಗಿಸಿ, ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುವ ಉಪಾಯಕ್ಕೆ 1905ರಲ್ಲಿ ಪೇಟೆಂಟನ್ನು ಕೋರಿದನು. ಅದು ಕೈಗೂಡಲು ಸುಮಾರು ಇಪ್ಪತ್ತು ವರ್ಷಗಳ ಪ್ರಯೋಗ ಬೇಕಾಯಿತು. 1920ರ ದಶಕದಲ್ಲಿ ಎರಡು ಜರ್ಮನ್ ಹಡಗುಗಳ ಇಂಜಿನ್ನುಗಳ ಬಲವು 1750ರಿಂದ 2500 ಅಶ್ವಶಕ್ತಿಗೆ ಏರಿತು. 1959ರಲ್ಲಿ ಬ್ಯೂಖಿ ಕಾಲವಾದನು.

ಇಂದು ಕೆಲವರು ಹೊರಗಿನ ಬಿಡಿಭಾಗಗಳನ್ನು ಜೋಡಿಸಿ ಒಂದೇ ದಿನದಲ್ಲಿ ಕಾರಿನ ಬಲವನ್ನು ಹೆಚ್ಚಿಸಬಯಸುತ್ತಾರೆ. ಗಾಳಿಯ ಒತ್ತಡಕ್ಕೆ ತಕ್ಕಂತೆ ಇಂಧನವನ್ನೂ ತಂಪನ್ನೂ ಹೊಂದಿಸದಿದ್ದರೆ ಪಿಸ್ಟನ್ನೇ ಕರಗೀತು. ಬಲಕ್ಕಿಂತ ಮೊದಲು ತಾಳಿಕೆ ಎಂಬುದೇ ಬ್ಯೂಖಿಯ ಬಾಳಿನ ಪಾಠ.